ಎರಡು ಬೆರಳು

ಅಪ್ಪನ ಬೆರಳು ಹೊರಟಿತು, ಟಿವಿ ಪಕ್ಕದ ಕಪಾಟಿನ ಗಾಜು ಸರಿಸಿ ಪುಸ್ತಕಗಳ ಬೆನ್ನು ಸವರುತ್ತ, ಒಂದೊಂದನ್ನೂ ಮಾತಾಡಿಸುವ ಹಾಗೆ, ಸವರಲಿ, ಬೆನ್ನು ಮುಟ್ಟಿದರೆ ಏನೂ ಗೊತ್ತಾಗುವುದಿಲ್ಲ, ಹೊರಗೆ ಎಳೆಯದಿದ್ದರೆ ಸಾಕು — ದೀಪಿಕಾ ಕಾಫಿ ತಟ್ಟೆ ಹಿಡಿದು ನಿಂತಲ್ಲೇ ನಿಂತಳು, ಗೃಹಪ್ರವೇಶಕ್ಕೆ ಬಂದವರೆಲ್ಲ ಟೆರೇಸಿನಲ್ಲಿ ಎಲೆ ಮುಂದೆ ಕೂತಿದ್ದಾರೆ, ಈ ಮುದುಕನಿಗೆ ಮಾತ್ರ ಊಟಕ್ಕಿಂತ ಪುಸ್ತಕ ಮೊದಲು, ಗುಬ್ಬಿಯಲ್ಲೂ ಹೀಗೇ, ಮೇಷ್ಟ್ರ ಮನೆ ಅಂದರೆ ಅನ್ನ ಆರಿದರೂ ಪುಟ ಮುಗಿಯಬೇಕು, ತೊಡೆ ಮೇಲೆ ಕೂರಿಸಿಕೊಂಡು ಸಾಲಿನ ಕೆಳಗೆ ಬೆರಳು ಓಡಿಸುತ್ತಿದ್ದ, ಬೆರಳ ಹಿಂದೆ ಅವಳ ಕಣ್ಣು, ಪುಸ್ತಕಕ್ಕೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೋ ಮಗಳೇ, ಒತ್ತಿಕೊಳ್ಳುತ್ತಿದ್ದಳು, ಹೆಡ್ಮಾಸ್ಟರು ಕೇಳಿದರೂ ಒಂದನ್ನೂ ಎರವಲು ಕೊಡದವನು ಇವಳು ಬಾಯಿ ಬಿಟ್ಟಿದ್ದೇ ತಡ ಅಷ್ಟನ್ನೂ ಪಂಚೆಯಲ್ಲಿ ಕಟ್ಟಿ ತುಮಕೂರಿಗೆ ಕಳಿಸಿದ, ಹಾಲ್‌ನಲ್ಲಿ ಪುಸ್ತಕ ಇದ್ರೆ ಮನೆಗೊಂದು ಕಳೆ ಕಣಪ್ಪ ಅಂದಿದ್ದಳು, ಇಟ್ಕೊಳವ್ವ, ಕಣ್ಣು ಮಂಜಾಗೈತೆ, ಆಪರೇಷನ್ ಆದ್ಮೇಲೆ ಅಲ್ಲಿಗೇ ಬಂದು ಓದ್ಕೋತೀನಿ, ಓದಿಕೊಳ್ಳುತ್ತಾನಂತೆ, ಇವಳೇನು ಓದಲೆಂದು ಕೇಳಿದ್ದಳೇ, ಬಂದವರು ನೋಡಲೆಂದು ಕೇಳಿದ್ದಳು.

ಕಪಾಟು ಮಾಡಿಸಿದ ಮೇಲೆ ನೋಡಿದರೆ ಪುಸ್ತಕ ಎರಡು ಬೆರಳು ಮುಂದಕ್ಕೆ ಚಾಚಿ ಗಾಜು ಮುಚ್ಚಲಿಲ್ಲ, ಕಪಾಟು ಒಡೆಸೋದಾ, ತಲೆ ಕೆಟ್ಟಿದ್ಯಾ ಅಂದ ಗುರುಪ್ರಕಾಶ್, ಕಾಣೋದು ಬೆನ್ನು ತಾನೇ ಕಣೇ, ಒಳಗಿನ ಅಂಚಿಂದ ಎರಡು ಬೆರಳು ಕತ್ತರಿಸಿದ್ರಾಯ್ತು, ನೀನೇನ್ ಓದ್ತೀಯಾ, ಗಂಡ ಹೇಳಿದ್ದರಲ್ಲಿ ಸುಳ್ಳೇನಿತ್ತು, ಹ್ಞೂಂ ಅಂದಳು, ಮೂಗುತಿಗೆ ತಕ್ಕಂತೆ ಮೂಗು ಕೊಯ್ದ ಹಾಗೆ ಸತ್ಯಮಂಗಲದ ಪ್ರೆಸ್ಸಿನಲ್ಲಿ ಕಟಿಂಗ್ ಮಿಷನ್ನು ಒಂದೇ ಏಟಿಗೆ ಇಳಿಯಿತು, ಶಾವಿಗೆಯಂಥ ಎಳೆ ಎಳೆ ಕಾಗದ, ಅಪ್ಪನ ಪೆನ್ಸಿಲ್ ಗುರುತೂ ಅದರಲ್ಲೇ, ಗಾಜಿನ ಲೋಟ ಒಡೆಯದ ಹಾಗೆ ನಡುವೆ ತುರುಕಲು ಚೆನ್ನಾಗಿ ಒದಗಿತು — ಬೆಳಿಗ್ಗೆ ಪಾದಪೂಜೆಗೆ ಬಂದ ಮಠದ ಬುದ್ಧಿಯವರು ಕಪಾಟು ನೋಡಿ, ಸರಸ್ವತಿ ನೆಲೆಸಿದ ಮನೆ ಅಂದರು, ಅತ್ತೆಯ ಮುಖ ಅರಳಿತು, ಇವಳದೂ ಅರಳಿತು, ಯಾಕೆ ಅರಳಬಾರದು — ಬೇಡ ಅಪ್ಪ, ಅದು ಬೇಡ, ಎಳೆದೇಬಿಟ್ಟ, ಕಣ್ಣಿಗೊತ್ತಿಕೊಂಡ, ಬಿಡಿಸಿದ.

ಬೆರಳು ಸಾಲಿನ ಕೆಳಗೆ ಓಡಿತು, ಕಾಗದದ ಅಂಚಿಗೆ ಬಂತು, ಅಂಚು ದಾಟಿ ಗಾಳಿಯಲ್ಲಿ ಇನ್ನೆರಡು ಬೆರಳಿನಷ್ಟು ಹೋಯಿತು, ತಡವಿತು, ವಾಪಸ್ಸು ಬಂತು, ಕನ್ನಡಕ ಒರೆಸಿಕೊಂಡ, ಮತ್ತೆ ಓಡಿತು, ದೀಪು, ಸಾಲೆಲ್ಲಾ ಅರ್ಧಕ್ಕೇ ನಿಂತೋಯ್ತವಲ್ಲವ್ವ, ಆಪರೇಷನ್ ಮಾಡಿದ ಕಣ್ಣು ಕೆಟ್ಟೋಯ್ತೇನೋ, ಪುಸ್ತಕ ಪೂರ್ತಿ ಕಾಣಾಕಿಲ್ಲ, ಹೇಳಿಬಿಡಬೇಕು, ಈಗಲೇ, ಮೆಟ್ಟಿಲ ಮೇಲೆ ಅತ್ತೆಯ ಬಳೆ ಸದ್ದು, ಹಿಂದೆ ನೆಂಟರು, ಹೂಂ ಕಣಪ್ಪ, ಕಣ್ಣಿಂದೇ ತೊಂದ್ರೆ, ಆ ಡಾಕ್ಟ್ರು ಸರಿಯಾಗಿ ಮಾಡಿಲ್ಲ ಅನ್ಸುತ್ತೆ ಅಂದಳು, ಎಷ್ಟು ಸಲೀಸಾಗಿ ಬಂತು ಮಾತು, ಅಪ್ಪ ತಲೆಯಾಡಿಸಿದ, ನಂಬಿದ, ಮಗಳು ಹೇಳಿದಳಲ್ಲ, ನಂಬಿದ, ಆದರೂ ಪುಸ್ತಕ ಮುಚ್ಚಲಿಲ್ಲ, ಇನ್ನೊಂದು ಸಾಲು, ಬೆರಳು ಅಂಚಿಗೆ ಬಂತು, ಅಂಚು ದಾಟಿತು, ಏನೂ ಇಲ್ಲದ ಕಡೆ ಎರಡು ಬೆರಳು ಹೋಗಿ ನಿಂತಿತು, ಇನ್ನೊಂದು ಸಾಲು, ಅಂಚು ದಾಟಿತು, ನಿಂತಿತು.