ಆರು ಡೆಸಿಬೆಲ್

ಊಟದ ಸಾಲಿನಲ್ಲಿ ಸ್ಯಾಂಡ್‌ವಿಚ್‌ಗೆ ಕೈ ಚಾಚಿದ್ದ ಡ್ವೇನ್‌ನ ತೋಳು ಹಿಡಿದು ಆರ್ಲಿಸ್ ಚರ್ಚಿನ ನೆಲಮಾಳಿಗೆಯ ಪಕ್ಕದ ಕೋಣೆಗೆ ಎಳೆದುಕೊಂಡೇ ಹೋದಳು. ಗಂಡ ಸೆಲ್ಮರ್‌ನನ್ನು ಮಣ್ಣುಮಾಡಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

“ಬೆಳಗ್ಗೆಯಿಂದ ನನ್ನ ಮುಖ ನೋಡ್ತಾ ಇಲ್ಲ ನೀನು. ಸೆಲ್ಮರ್‌ನ ಉಪಕರಣಾನ ನಿಮ್ಮ ಆಫೀಸಿನವ್ರು ತಗೊಂಡು ಹೋದ್ರಲ್ಲ, ಏನಾಗಿತ್ತು ಅದಕ್ಕೆ? ಜೋರಾಗಿ ಹೇಳು.”

ಡ್ವೇನ್ ಸೆಲ್ಮರ್‌ನ ಜೊತೆ ಕೆಲಸದವನು. ಶ್ರವಣಯಂತ್ರಗಳನ್ನು ಅಳೆಯುವ ಡಬ್ಬಿಗಳು ಸರಿ ಇವೆಯೇ ಎಂದು ಮಿನ್ನೆಸೋಟ ರಾಜ್ಯದ ಕ್ಲಿನಿಕ್ಕುಗಳನ್ನು ಸುತ್ತಿ ನೋಡುವುದು ಇಬ್ಬರ ಕಸುಬು. ತೊಂಬತ್ನಾಲ್ಕು ಡೆಸಿಬೆಲ್ ಸದ್ದು ಮಾಡುವ ಮುಷ್ಟಿಯಷ್ಟು ಉಪಕರಣವೊಂದನ್ನು ಡಬ್ಬಿಯ ಮೈಕಿಗೆ ಹಿಡಿಯಬೇಕು. ಡಬ್ಬಿ ಬೇರೆ ಅಂಕಿ ತೋರಿಸಿದರೆ ಅದನ್ನು ತಿದ್ದಬೇಕು.

“ಪೆಟ್ಟು ತಿಂದಿದೆ,” ಎಂದ ಡ್ವೇನ್. “ತೊಂಬತ್ನಾಲ್ಕು ಅಂತ ಕೂಗೋದು ಎಂಬತ್ತೆಂಟೇ. ಪ್ರತಿವರ್ಷ ಅದನ್ನ ಲ್ಯಾಬಿಗೆ ಕಳಿಸ್ಬೇಕು. ಸೆಲ್ಮರ್ ಎರಡು ವರ್ಷದಿಂದ ಕಳಿಸಿಲ್ಲ. ಮನೇಲಿರೋ ಡಬ್ಬಿಗೆ ಹಿಡಿದು ನೋಡಿ, ಸರಿ ಇದೆ ಅಂತ ಬರೀತಿದ್ರು.”

“ಮನೆ ಡಬ್ಬಿ ತಿದ್ದಿದ್ದೂ ಅದರಿಂದಲೇ ಅಲ್ವೇನೋ?”

“ಹೂಂ. ಇದಕ್ಕೆ ಅದು ಸಾಕ್ಷಿ, ಅದಕ್ಕೆ ಇದು.”

“ಹಾಗಾದ್ರೆ ನನ್ನ ಕಿವೀಲಿರೋ ಯಂತ್ರಗಳು?”

“ಮನೆ ಡಬ್ಬಿ ಆರು ಹೆಚ್ಚು ತೋರಿಸುತ್ತೆ. ಅದನ್ನ ನಂಬಿ ಆರು ಡೆಸಿಬೆಲ್ ಕಡಿಮೆ ಇಟ್ಟಿದ್ದಾರೆ.”

“ಗೊತ್ತಿದ್ದೇ?”

“ಅದು ನಂಗೊತ್ತಿಲ್ಲ, ಆರ್ಲಿಸ್.”

*

ಎರಡು ವರ್ಷದ ಹಿಂದೆ ಚರ್ಚಿನ ಹಾಡುಮೇಳದಲ್ಲಿ ಎಲ್ಲರೂ ನಿಲ್ಲಿಸಿದ ಮೇಲೂ ಅವಳೊಬ್ಬಳೇ ಹಾಡುತ್ತಿದ್ದಳು. ಮನೆಗೆ ಬಂದು ಅತ್ತಾಗ ಸೆಲ್ಮರ್ ಅವಳ ಯಂತ್ರಗಳನ್ನು ಡಬ್ಬಿಗಿಟ್ಟು ಅಂಕಿ ತೋರಿಸಿದ್ದ.

“ಡಬ್ಬಿ ಸುಳ್ಳು ಹೇಳಲ್ಲ ಕಣೇ. ನಿನ್ನ ಕಿವೀನೇ ಇನ್ನಷ್ಟು ಹೋಗಿದೆ.”

“ಬೇರೆ ಕಡೆ ಒಂದ್ಸಲ ತೋರಿಸೋಣ.”

“ಊರಿಗೆ ಊರೇ ನನ್ನ ನಂಬುತ್ತೆ. ನೀನೊಬ್ಬಳು ನಂಬಬೇಡ.”

ಮೂವತ್ತೊಂದು ವರ್ಷದ ಹಾಡು ಅಲ್ಲಿಗೆ ನಿಂತಿತು. ಆಮೇಲೆ ಅವನು, ಯಾರೂ ಹೇಳದಿದ್ದರೂ, ಮನೆಯಲ್ಲಿ ಗಟ್ಟಿಯಾಗಿ ಮಾತಾಡತೊಡಗಿದ. ಎಷ್ಟು ಅಕ್ಕರೆ ಎಂದು ಅವಳು ಕರಗಿಹೋಗಿದ್ದಳು. ಈಗ ಆ ಅಕ್ಕರೆಯ ಮೇಲೇ ಅವಳಿಗೆ ಗುಮಾನಿ.

*

ಡ್ವೇನ್ ಆ ಕೋಣೆಯಲ್ಲೇ ಅವಳ ಎರಡೂ ಶ್ರವಣಯಂತ್ರಗಳ ಪುಟ್ಟ ತಿರುಪು ತಿರುಗಿಸಿ ಸದ್ದು ಏರಿಸಿಕೊಟ್ಟ. ಆರ್ಲಿಸ್ ಅವನ್ನು ಕಿವಿಗೇರಿಸಿಕೊಂಡು ಬಾಗಿಲು ತೆರೆದಳು. ತಟ್ಟೆ, ಚಮಚ, ಯಾರದೋ ಕೆಮ್ಮು ಎಲ್ಲವೂ ಮೇಲೆ ಬಿದ್ದವು. ಬಾಗಿಲ ಪಕ್ಕದ ಮೇಜಿನಲ್ಲಿ ನಾದಿನಿ ಕಾರೀನ್ ಆಚೆ ತಿರುಗಿ ಕೂತು ಪಕ್ಕದವಳಿಗೆ ಹೇಳುತ್ತಿದ್ದಳು.

“ಪಿಸುಗುಟ್ಟೋದೆಲ್ಲ ಏನೂ ಬೇಡ, ನಮ್ಮತ್ತಿಗೆಗೆ ಎಲ್ಲಿ ಕೇಳುತ್ತೆ? ಹಿಮದ ಮೇಲೆ ಜಾರಿದಾಗ ಆ ಉಪಕರಣ ಅಣ್ಣನ ಕೈಯಿಂದಲೇ ಬಿತ್ತಂತೆ. ಒಪ್ಕೊಂಡ್ರೆ ಅಷ್ಟೂ ಕ್ಲಿನಿಕ್ಕಿಗೆ ಹೋಗಿ ತಪ್ಪಾಯ್ತು ಅನ್ನಬೇಕಲ್ಲ! ಆರ್ಲಿಸ್‌ಗಾದ್ರೂ ಹೇಳೋ ಅಂದೆ. ಅವಳು ತನ್ನ ಕಿವೀನೇ ಹಾಳು ಅಂತ ನಂಬಿಬಿಟ್ಟಿದ್ದಾಳೆ, ಬಿಡು ಅಂದ.”

ಆರ್ಲಿಸ್‌ಗೆ ಸೆಲ್ಮರ್‌ನನ್ನು ಗೋರಿಯಿಂದ ಎಬ್ಬಿಸಿ ಕೇಳೋಣವೆನ್ನಿಸುವಷ್ಟು ಸಿಟ್ಟು ಬಂತು. ಮೆಲ್ಲಗೆ ಹೋಗಿ ಕಾರೀನ್ ಎದುರಿನ ಕುರ್ಚಿ ಎಳೆದು ಕೂತಳು.

“ಏನಂದೆ ಕಾರೀನ್?” ಎಂದು ಕಿವಿಯ ಹಿಂದೆ ಅಂಗೈ ಹಿಡಿದಳು. “ಇನ್ನೊಂದ್ಸಲ ಹೇಳಮ್ಮ. ಜೋರಾಗಿ.”

ಕಾರೀನ್ ಕೇಕಿನ ತಟ್ಟೆಯನ್ನು ಅತ್ತಿಗೆಯ ಕಡೆ ತಳ್ಳಿದಳು. ಆರ್ಲಿಸ್ ತಟ್ಟೆ ಮುಟ್ಟಲಿಲ್ಲ. ಕಿವಿಯ ಹಿಂದಿನ ಕೈಯನ್ನೂ ಇಳಿಸಲಿಲ್ಲ.