ಎರಡನೇ ಮೂಗು

ಮೂಗಿನ ಮೇಲೆ ಬೆಳಕು ಕೂದಲೆಳೆಯಷ್ಟು ಎಡಕ್ಕೆ ಬಿದ್ದಿದೆ, ಪ್ರೊಜೆಕ್ಟರನ್ನು ಚೂರು ತಿರುಗಿಸಬೇಕು, ಯಾವ ಮೂಗಿನ ಮೇಲೆ, ಎರಡಿವೆಯಲ್ಲ, ಅವಳಿಗೆ ನಗು ಬಂತು, ಅಪ್ಪನ ತಲೆಯ ಶಿಲ್ಪಕ್ಕೆ ಎರಡು ಮೂಗು, ಒಂದಕ್ಕೊಂದು ಒತ್ತಿಕೊಂಡು, ಎರಡಕ್ಕೂ ಅವಳೇ ಕೂತು ಸಣ್ಣ ಬ್ರಷ್ಷಿನಲ್ಲಿ ಚರ್ಮದ ಬಣ್ಣ ಹಚ್ಚಿದ್ದಾಳೆ, ಹೊಳ್ಳೆಯ ಕೆಂಪನ್ನೂ ಬಿಟ್ಟಿಲ್ಲ — ಆವತ್ತು ಸ್ಕ್ಯಾನರ್ ಅಪ್ಪನ ಮುಖದ ಸುತ್ತ ಬರೋದಕ್ಕೆ ನಾಲ್ಕು ನಿಮಿಷ, ಅಲುಗಬೇಡಿ ಅಪ್ಪ, ಅಲುಗ್ತಾ ಇಲ್ವಲ್ಲಮ್ಮ, ಅಲುಗ್ತಿದ್ದೀರಿ, ತಲೆ ತಾನಾಗೇ ನಡುಗುತ್ತಿತ್ತು, ಯಂತ್ರ ಕಂಡದ್ದನ್ನೆಲ್ಲ ಹಿಡಿದಿಟ್ಟಿತು, ಒಂದೇ ಮೂಗನ್ನು ಎರಡು ಕಡೆ, ಎರಡನ್ನೂ ಸೇರಿಸಿ ಒಂದು ಮಾಡಲೇ ಎಂದು ಪರದೆ ಕೇಳಿತು, ಬೇಡ ಎಂದು ಒತ್ತಿದಳು, ಯೋಚಿಸದೆ ಒತ್ತಿದಳು, ಇಲ್ಲ, ಯೋಚಿಸಿದ್ದಳು, ಒಂಬತ್ತು ವರ್ಷದವಳಿದ್ದಾಗಿಂದ ಯೋಚಿಸಿದ್ದಳು, ಆಗೆಲ್ಲ ಬೆಳಗಿಂದ ಕೂತು ಹಸಿ ಮಣ್ಣಿನಲ್ಲಿ ಅವಳು ಎತ್ತಿ ನಿಲ್ಲಿಸಿದ ಮೂಗಿನ ಮೇಲೆ ಅಪ್ಪ ಹೆಬ್ಬೆರಳಿಟ್ಟು ಒತ್ತಿಬಿಡುತ್ತಿದ್ದರು, ಬೈಗುಳವಿಲ್ಲ, ಏಟಿಲ್ಲ, ಹೆಬ್ಬೆರಳು ಅಷ್ಟೇ, ಶಿಷ್ಯರೆಲ್ಲ ನೋಡುತ್ತಿರುವಾಗ, ಕೈ ಅಲುಗೋರಿಗಲ್ಲ ಮಗಳೇ ಈ ಕೆಲಸ, ಹೋಗು, ಅಮ್ಮಂಗೆ ತರಕಾರಿ ಹೆಚ್ಚಿಕೊಡು.

ಅದೇ ಶಿಷ್ಯರು ಇವತ್ತು ನಾಲ್ಕು ಗಂಟೆಗೆ ಬರುತ್ತಾರೆ, ಪ್ರದರ್ಶನ ನೋಡಲು, ಅವಳೇ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆದದ್ದು, ಮೇಷ್ಟ್ರ ಕೈ ಈಗ ಲೋಟ ಹಿಡಿದರೆ ಅರ್ಧ ಚೆಲ್ಲುತ್ತದೆ ಅಂತ ಅವರಿಗೆ ಗೊತ್ತಿಲ್ಲ, ಅಪ್ಪ ಯಾರೆದುರೂ ಜೇಬಿನಿಂದ ಕೈ ತೆಗೆಯುವುದಿಲ್ಲ — ಎರಡು ಮೂಗು ಬಂತಲ್ಲಮ್ಮ ನಂಗೆ, ನೆಗಡಿಯಾದ್ರೆ ಒರೆಸೋರ್ಯಾರು, ಬೆಳಿಗ್ಗೆ ನಕ್ಕರು, ಆಮೇಲೆ ದನಿ ಇಳಿಸಿ, ಅವರು ಬರೋ ಮುಂಚೆ ಒಂದನ್ನ ತೆಗೆದುಬಿಡು, ನಿನ್ನ ಕಾಲಿಗೆ ಬೀಳ್ತೀನಿ, ಇನ್ನೆಲ್ಲಿ ಅಪ್ಪ, ಒಣಗಿಬಿಟ್ಟಿದೆ, ಎಂದಳು, ಸುಳ್ಳು, ಹಸಿಯಾಗಿದ್ದದ್ದಾದರೂ ಯಾವಾಗ, ಯಂತ್ರ ಪದರ ಪದರವಾಗಿ ಅಚ್ಚು ಹಾಕಿದ ಪ್ಲಾಸ್ಟಿಕ್ಕು, ಅರ ಹಿಡಿದು ಉಜ್ಜಿದರೆ ಅರ್ಧ ಗಂಟೆಯ ಕೆಲಸ, ಅವರಿಗೂ ಅಷ್ಟು ಗೊತ್ತಿತ್ತು, ಸುಮ್ಮನಾದರು, ಆ ಸುಮ್ಮನಿರುವಿಕೆ ಅವಳಿಗೆ ಗೊತ್ತು, ತರಕಾರಿ ಹೆಚ್ಚುತ್ತಾ ಕಲಿತದ್ದು — ಈಗ ಪ್ರೊಜೆಕ್ಟರನ್ನು ಚೂರು ತಿರುಗಿಸಿ ಗುಂಡಿ ಒತ್ತಿದಳು, ಬೆಳಕು ಸರಿಯಾಗಿ ಕೂತಿತು, ಅದರಲ್ಲಿ ಮೂಡಿದ ಕಣ್ಣು ಶಿಲ್ಪದ ಮೇಲೆ ರೆಪ್ಪೆ ಬಡಿಯಿತು, ಮೆಟ್ಟಿಲ ಮೇಲೆ ಹೆಜ್ಜೆ, ನಗು, ಬನ್ನಿ ಬನ್ನಿ, ಮೇಷ್ಟ್ರು ಇಲ್ಲೇ ಇದ್ದಾರೆ, ಇದು ಯಾರ ದನಿ, ತನ್ನದೇ, ಇಷ್ಟು ಸಿಹಿಯಾಗಿ, ತಿರುಗಿದರೆ ಅಪ್ಪ ಶಿಲ್ಪದ ಎದುರು, ಜೇಬಿನಿಂದ ಕೈ ಹೊರಗೆ, ನಡುಗುತ್ತಾ, ಬಾಗಿಲಲ್ಲಿ ಅಷ್ಟೂ ಜನ ನಿಂತು ನೋಡುತ್ತಿರುವಾಗ, ಎರಡನೇ ಮೂಗಿನ ಮೇಲೆ ಹೆಬ್ಬೆರಳು, ಒತ್ತುತ್ತಿದೆ, ಮೂಗು ತಗ್ಗುತ್ತಿಲ್ಲ, ಹೆಬ್ಬೆರಳು ಜಾರುತ್ತದೆ, ಮತ್ತೆ ಅಲ್ಲೇ ಇಡುತ್ತಾರೆ, ಹೆಬ್ಬೆರಳು, ಉಗುರಿನ ಕೆಳಗೆ ಬೆಳ್ಳಗಾಗಿ, ಹೆಬ್ಬೆರಳು