ಕೂಸಿನ ಕೌದಿ ಒಣಗುವ ತಂತಿ

ಕಮಲಾಪುರದ ಸಾಬಮ್ಮನ ಮನೆಯ ಹಿತ್ತಲಲ್ಲಿ ಒಂದು ತಗಡಿನ ಬಚ್ಚಲಿದೆ. ಬರಿಗಾಲಲ್ಲಿ ನಿಂತು ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮನೆಯವರಿಗೆ ಇದು ಎಷ್ಟು ರೂಢಿಯಾಗಿದೆ ಎಂದರೆ, ಬಂದ ಬೀಗರಿಗೆ ಬಿಸಿನೀರಿನ ಜೊತೆಗೆ ರಬ್ಬರ್ ಚಪ್ಪಲಿಯನ್ನೂ ಕೊಡುತ್ತಾರೆ! ನಿಮ್ಮ ಮನೆಯಲ್ಲೂ ಹೀಗೇ ಇದೆಯೇ? ಹಾಗಾದರೆ ಸ್ವಲ್ಪ ಕುಳಿತು ಕೇಳಿ.

ಸಾಬಮ್ಮನ ಮಗಳು ಕಾವೇರಿ ಕಲಬುರಗಿಯ ಸೇಡಂ ರಸ್ತೆಯ ಹತ್ತಿರ ಗಂಡನ ಜೊತೆ ಇದ್ದಾಳೆ. ಚೊಚ್ಚಲ ಬಸುರಿ, ದಿನ ತುಂಬುತ್ತಾ ಬಂದಿವೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲವೇ? ಸಾಬಮ್ಮ ಹಳೆಯ ಸೀರೆಗಳ ತುಂಡು ಜೋಡಿಸಿ ಕೂಸಿಗೆ ಪುಟ್ಟ ಕೌದಿ ಹೊಲಿದಿದ್ದಳು. ಆದರೆ ಅಳಿಯ ವಿಶ್ವಾಸ್ ಅವಳನ್ನು ಕಳಿಸಲು ಒಪ್ಪಲಿಲ್ಲ. ದೀಪಾವಳಿಗೆ ಬಂದಾಗ ಆ ಬಚ್ಚಲಲ್ಲಿ ಅವನಿಗೆ ಜೋರಾಗಿ ಕರೆಂಟ್ ಹೊಡೆದಿತ್ತು.

ಶನಿವಾರ ಸಂಜೆ ಕಾವೇರಿಯ ಫೋನ್ ಬಂತು.

"ಅವ್ವ, ಇಲ್ಲಿ ನಲ್ಲಿ ತಿರುವಿದ್ರ ಬಿಸಿನೀರು ಬರ್ತಾವ. ಆದ್ರ ಬೆನ್ನ ಮ್ಯಾಲ ನಿನ್ನ ಕೈ ಎಲ್ಲಿಂದ ಬರಬೇಕು? ನೀ ನೀರು ಹಾಕ್ಬೇಕು, 'ಕಣ್ಣ ಮುಚ್ಚ ಹುಡಿಗಿ' ಅಂತ ಬೈಬೇಕು. ಭಾಳ ಅನಸ್ತದ."

"ಬಾ ನನ್ನವ್ವ."

"ಇವ್ರು ಬಿಡವಲ್ರು. ಮೊದಲ ಆ ಬಚ್ಚಲಾ ಸರಿ ಆಗ್ಲಿ ಅಂತಾರ. ನನಗೂ ಅಂಜಿಕಿ ಆಗ್ತದವ್ವ."

ಫೋನ್ ಇಟ್ಟ ಸಾಬಮ್ಮ, ಒಮ್ಮೆ ಒಗೆದಿಟ್ಟಿದ್ದ ಕೌದಿಯನ್ನು ಮರುದಿನ ಬೆಳಿಗ್ಗೆ ಮತ್ತೊಮ್ಮೆ ಒಗೆದಳು.

"ಅಳಿಯಾ ಭಾಳ ನಾಜೂಕ ಅದಾನ," ಎಂದ ಗಂಡ ತುಕಾರಾಮ. "ನಾ ದಿನಾ ಜಳಕಾ ಮಾಡಂಗಿಲ್ಲೇನು? ಚಪ್ಪಲ ಹಾಕ್ಕೊಂಡ್ರ ಮುಗೀತು."

"ದಿನಾ ಜಳಕಾ ಮಾಡ್ತೀರಿ? ನನಗ ಗೊತ್ತಿಲ್ದಂಗ!" ಎಂದವಳೇ ಸಾಬಮ್ಮ ಪಕ್ಕದ ಮನೆಯ ಮಕ್ಸೂದನನ್ನು ಕರೆದಳು. ಅವನು ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್. ಕಲಬುರಗಿ ಪಕ್ಕದ ಶರಣಸಿರಸಗಿಯ ಹೊಸ ಮನೆಗಳಿಗೆ ವೈರಿಂಗ್ ಮಾಡುತ್ತಾನೆ.

"ಏನಲೇ ಮಕ್ಸೂದ್, ಸಿಟಿ ಮಂದಿಗಿ ಕರೆಂಟ್ ಕಡಿಯೋ ಡಬ್ಬಿ ಹಾಕಿ ಮುಗೀತೇನು, ನಮಗ ಹಾಕಾಕ ಬಂದಿ? ನಮ್ಮಲ್ಲಿ ಫ್ಯೂಜ್ ಅದ," ಎಂದ ತುಕಾರಾಮ.

"ಕಾಕಾ, ಫ್ಯೂಜ್ ಇರೋದು ವೈರ್ ಸುಡಬಾರ್ದಂತ. ಮನಷ್ಯಾನ ಜೀವ ತಗಿಯಾಕ ತುಸು ಕರೆಂಟ್ ಸಾಕು. ಅಷ್ಟಕ್ಕ ಫ್ಯೂಜ್ ಹೊಳ್ಳಿ ಸುದ್ದಾ ನೋಡಂಗಿಲ್ಲ."

ಮಕ್ಸೂದ್ ಹಿತ್ತಲಿಗೆ ಹೋದ. ಬಚ್ಚಲಿಗೆ ವೈರ್ ಎಳೆದವನು ತುಕಾರಾಮನೇ. ಜೋತು ಬೀಳಬಾರದೆಂದು ಅದನ್ನು ಬಟ್ಟೆ ಒಣಹಾಕುವ ಕಬ್ಬಿಣದ ತಂತಿಗೆ ಸುತ್ತಿದ್ದ. ಆ ತಂತಿಯ ತುದಿಯನ್ನು ಬಚ್ಚಲಿನ ತಗಡಿಗೆ ಕಟ್ಟಿದ್ದ, ನಲ್ಲಿಯ ಕೊಳವೆಯೂ ಆ ತಗಡಿಗೇ ತಾಗಿತ್ತು. ವೈರಿನ ನಡುವೆ ಜೋಡಣೆಗೆ ಸುತ್ತಿದ ಟೇಪು ಬಿಸಿಲಿಗೆ ಬಿರಿದಿತ್ತು. ಬೆಳಿಗ್ಗೆ ಸಾಬಮ್ಮ ಕೌದಿಯನ್ನು ಆ ತಂತಿಯ ಮೇಲೆ ಒಣಹಾಕುವಾಗ ಕರೆಂಟ್ ಹೋಗಿತ್ತು. ಈಗ ಬಂದಿತ್ತು. ಹಸಿ ಕೌದಿಯನ್ನು ಸರಿಸಲು ಅವಳು ಕೈ ಚಾಚಿದಳು.

"ಕಾಕಿ, ಮುಟ್ಟಬ್ಯಾಡ್ರಿ!"

ಮಕ್ಸೂದ್ ತಂತಿಗೆ ಟೆಸ್ಟರ್ ಹಚ್ಚಿದ. ಟೆಸ್ಟರಿನ ದೀಪ ಕೆಂಪಗೆ ಹೊತ್ತಿತು.

"ಅದಕ್ಕ ಚಪ್ಪಲ..." ಎಂದು ತುಕಾರಾಮ ಬಾಯಿ ತೆರೆದ.

"ಹುಟ್ಟೋ ಕೂಸಿಗಿ ಚಪ್ಪಲ ಎಲ್ಲಿಂದ ತರ್ತೀರಿ, ಕಾಕಾ?"

ತುಕಾರಾಮ ಕೌದಿಯನ್ನೇ ನೋಡುತ್ತಾ ನಿಂತ. ಆಮೇಲೆ ಒಳಗೆ ಹೋಗಿ ಮೇನ್ ಸ್ವಿಚ್ಚನ್ನು ತಾನೇ ಇಳಿಸಿದ.

ಮಕ್ಸೂದ್ ಹಳೆಯ ವೈರ್ ಕಿತ್ತು, ಅರ್ಥಿಂಗ್ ವೈರೂ ಇರುವ ಹೊಸ ಕೇಬಲನ್ನು ಪ್ಲಾಸ್ಟಿಕ್ ಪೈಪಿನೊಳಗೆ ಎಳೆದ. ಗುಂಡಿ ತೋಡಿ ಸರಿಯಾದ ಅರ್ಥಿಂಗ್ ಮಾಡಿದ. ಸ್ವಿಚ್ಚನ್ನು ನೀರು ಸಿಡಿಯದ ಕಡೆ ಇಟ್ಟ. ಬಟ್ಟೆಗೆ ನೈಲಾನ್ ಹಗ್ಗ ತರಿಸಿ, ವೈರಿನಿಂದ ದೂರ ಬೇವಿನ ಮರಕ್ಕೆ ಕಟ್ಟಿಸಿದ. ಮನೆಯ ಬೋರ್ಡಿನಲ್ಲಿ, ಬಚ್ಚಲಿಗೆ ಹೋಗುವ ಲೈನಿಗೆ ಒಂದು ಡಬ್ಬಿ ಕೂರಿಸಿದ.

"ಇದಕ್ಕ ಆರ್‌ಸಿಸಿಬಿ ಅಂತಾರ. ಹೋದಷ್ಟು ಕರೆಂಟ್ ಹೊಳ್ಳಿ ಬರ್ಬೇಕು. ನಡುವ ಯಾರದರ ಮೈಯಾಗಿಂದ ಭೂಮಿಗಿ ಸೋರಿದ್ರ ಇದಕ್ಕ ತಿಳೀತದ. ಕಣ್ಣ ಪಿಳುಕಿಸೋದ್ರಾಗ ಲೈನ್ ಕಡೀತದ. ಮೂವತ್ತು ಮಿಲಿ ಆಂಪಿಯರಿಂದೇ ಕೇಳಿ ತಗೋಬೇಕು. ಇದು ಅದ ಅಂತ ಅರ್ಥಿಂಗ್ ಬಿಡಬಾರ್ದು, ಎರಡೂ ಬೇಕು. ತಿಂಗಳಿಗೊಮ್ಮೆ ಈ ಟೆಸ್ಟ್ ಗುಂಡಿ ಒತ್ತಿ ನೋಡ್ರಿ. ಕಾಕಿ, ನೀರು ಕಾಸೋ ರಾಡಿನ ಪ್ಲಗ್ ತಗದ ಮ್ಯಾಲೇ ಬಕೀಟಿಗಿ ಕೈ ಹಾಕ್ರಿ, ಮರೀಬ್ಯಾಡ್ರಿ."

ಸಾಬಮ್ಮ ಮಗಳಿಗೆ ಫೋನ್ ಹಚ್ಚಿ ಬೋರ್ಡಿನ ಹತ್ತಿರ ಹಿಡಿದಳು. ತುಕಾರಾಮ ಮೇನ್ ಏರಿಸಿ, ಬಚ್ಚಲಿನ ದೀಪ ಹಚ್ಚಿ, ಟೆಸ್ಟ್ ಗುಂಡಿ ಒತ್ತಿದ. ಟಕ್! ಬಚ್ಚಲಿನ ದೀಪ ಆರಿತು.

"ಏನವ್ವ ಅದು?"

"ನಿಮ್ಮಪ್ಪ ಸೋತ ಸಪ್ಪಳ!" ಎಂದು ಸಾಬಮ್ಮ ಎಲ್ಲ ಹೇಳಿದಳು.

ಆ ಕಡೆಯಿಂದ ಕಾವೇರಿಯ ಸಣ್ಣ ದನಿ ಕೇಳಿಸಿತು. "ಅವ್ವ, ಸೀಗಿಕಾಯಿ ಕುಟ್ಟಿಟ್ಟೀಯೇನು?"

ಸಾಬಮ್ಮ ಉತ್ತರಿಸುವ ಮೊದಲೇ ತುಕಾರಾಮನೇ ಫೋನ್ ಇಸಿದುಕೊಂಡ.

"ಎಂದೋ ಕುಟ್ಟಿಟ್ಟಾಳ. ನಾಳಿ ಕರ್ಕೊಂಡು ಬರಾಕ ನಾನೇ ಬರ್ತೀನಿ. ಅಳಿಯಂದ್ರಿಗಿ ಹೇಳವ್ವ, ಇನ್ನ ನಮ್ಮ ಬಚ್ಚಲಿಗಿ ಚಪ್ಪಲ ಬೇಕಾಗಂಗಿಲ್ಲ ಅಂತ."

ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಹಿತ್ತಲನ್ನು ಒಮ್ಮೆ ಸುತ್ತಿ ಬನ್ನಿ. ಬಚ್ಚಲಿಗೆ, ದನದ ಕೊಟ್ಟಿಗೆಗೆ, ಪಂಪಿನ ಶೆಡ್ಡಿಗೆ ವೈರ್ ಹೇಗೆ ಹೋಗಿದೆ? ಬಟ್ಟೆಯ ತಂತಿಗೆ, ತಗಡಿಗೆ ತಾಗಿದೆಯೇ? ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಬೇಡಿ. ಜುಮ್ ಅನ್ನುವುದು ರೂಢಿಯಲ್ಲ, ಅದು ಎಚ್ಚರಿಕೆ. ಮೇನ್ ಇಳಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಯಾರಿಗಾದರೂ ಕರೆಂಟ್ ಹಿಡಿದರೆ ಮೊದಲು ಮೇನ್ ಇಳಿಸಿ, ಆಮೇಲೆ ಅವರನ್ನು ಮುಟ್ಟಿ.

ನಿಮ್ಮ ಮನೆಗೂ ಬರಬೇಕೆಂದು ಎಲ್ಲೋ ಯಾರೋ ಹಂಬಲಿಸುತ್ತಿರುತ್ತಾರೆ. ಅವರು ಬರಲಿ, ನಿಮ್ಮ ಹಿತ್ತಲಲ್ಲಿ ಬರಿಗಾಲಲ್ಲಿ ಓಡಾಡಲಿ.